ಹತ್ತದೆ ಬಿಟ್ಟ ಎಂಟೂಕಾಲರ ಬಸ್ಸು

ಹೋದ ವರ್ಷ ನಾನು ನಿವೃತ್ತಳಾದಾಗ ನನ್ನ ಕುರ್ಚಿಗೆ ಬಂದ ಹುಡುಗಿ ನಯನಾ. ಬಂದ ವಾರದಲ್ಲೇ ಕೇಳಿದಳು: "ಮೇಡಂ, ಈ ಕೆಲಸ ನಿಜವಾಗ್ಲೂ ಹೇಗಿರುತ್ತೆ ಅಂತ ಎಲ್ಲಾದ್ರೂ ಬರೆದಿಡಿ. ಪುಸ್ತಕದಲ್ಲಿ ಇರೋದು ಬೇಡ." ಬೀಳ್ಕೊಡುಗೆಯ ದಿನ ಶಾಲು ಹೊದಿಸಿ ಹೊಗಳಿದವರ ಮಾತು ಕೇಳಿ ಅವಳು ನನ್ನನ್ನು ದೊಡ್ಡ ಸಾಧಕಿ ಎಂದುಕೊಂಡಿದ್ದಳು. ಹೊಗಳಿದವರಲ್ಲಿ ಒಬ್ಬರಿಗೂ ಗಿರಿಜೆಯ ವಿಷಯ ಗೊತ್ತಿರಲಿಲ್ಲ. ನಮ್ಮ ಆಸ್ಪತ್ರೆಯಲ್ಲಿ ಗೊತ್ತಿದ್ದವರು ಇಬ್ಬರೇ. ಆಗಿನ ಡಾಕ್ಟರು ಈಗಿಲ್ಲ, ನಮ್ಮ ಆಯಾ ಗೌರಮ್ಮ ತೀರಿಕೊಂಡು ಹತ್ತು ವರ್ಷವಾಯಿತು. ಹಾಗಾಗಿ ಅದನ್ನು ನಾನೇ ಹೇಳಬೇಕು. ಬಡ್ತಿ, ಸಂಬಳದ ಕಥೆಗಳನ್ನು ಬಿಡುತ್ತೇನೆ. ಅವು ಎಲ್ಲರ ಕೆಲಸದಲ್ಲೂ ಒಂದೇ ತರ.

ನಾನು ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ತೈದು. ಮೈಸೂರಿನಲ್ಲಿ ಓದು ಮುಗಿಸಿ, ಎರಡು ಹತ್ತಿಸೀರೆ, ಒಂದು ದಪ್ಪ ಪುಸ್ತಕ ಹಿಡಿದುಕೊಂಡು ತಿಪಟೂರಿಗೆ ಬಂದೆ. ಒಂದು ಸೇವಾ ಸಂಸ್ಥೆ ನಡೆಸುತ್ತಿದ್ದ ಸಣ್ಣ ಆಸ್ಪತ್ರೆ ಅದು. ವಾರಕ್ಕೆರಡು ದಿನ ಮನೋವೈದ್ಯರು ಹೊರಗಿನಿಂದ ಬರುತ್ತಿದ್ದರು. ಉಳಿದ ದಿನ ನಾನು, ಗೌರಮ್ಮ. ನನಗೆ ಕೊಟ್ಟ ಕೋಣೆ ಮೊದಲು ಹತ್ತಿ, ಬ್ಯಾಂಡೇಜು ತುಂಬುವ ಜಾಗವಾಗಿತ್ತು. ಬಾಗಿಲ ಮೇಲೆ 'ಆಪ್ತಸಮಾಲೋಚಕಿ' ಎಂಬ ಬೋರ್ಡು ಹಾಕಿದರು. ಆ ಪದವನ್ನು ಪೂರ್ತಿ ಓದಿದವರನ್ನು ಮೊದಲ ವರ್ಷ ನಾನು ಕಾಣಲಿಲ್ಲ. ಊರಿನವರು ನನಗೆ 'ತಲೆ ಮೇಡಂ' ಎಂದು ಹೆಸರಿಟ್ಟರು. ನಾನು ಬಾಡಿಗೆಗಿದ್ದ ಮನೆಯ ಅಜ್ಜಿಯಂತೂ, "ಬರೀ ಮಾತಾಡಕ್ಕೆ ಸಂಬ್ಳ ಕೊಡ್ತಾರೇನವ್ವ? ಹಂಗಾದ್ರೆ ನಮ್ ಬೀದಿ ಹೆಂಗಸ್ರಿಗೆಲ್ಲ ಕೆಲ್ಸ ಸಿಗ್ಬೇಕಾಗಿತ್ತು ಬುಡು" ಎಂದು ನಕ್ಕಿದ್ದಳು.

ನನ್ನ ಮೊದಲ ಪೇಷೆಂಟು ಹುಳಿಯಾರಿನ ಕಡೆಯ ಒಬ್ಬ ಕುರಿಗಾಹಿ ಮುದುಕ. ಎರಡು ತಿಂಗಳಿಂದ ಊಟ ಬಿಟ್ಟಿದ್ದಾನೆಂದು ಮಗಳು ಕರೆತಂದಿದ್ದಳು. ನಾನು ಪುಸ್ತಕದಲ್ಲಿದ್ದ ಕ್ರಮದಲ್ಲೇ ಶುರುಮಾಡಿದೆ: "ದೈನಂದಿನ ಚಟುವಟಿಕೆಗಳಲ್ಲಿ ನಿಮ್ಮ ಆಸಕ್ತಿ ಕುಂದಿದೆಯೇ?" ಮುದುಕ ಮಗಳ ಮುಖ ನೋಡಿದ. ಮಗಳು ನನ್ನ ಮುಖ ನೋಡಿದಳು. ಮೂಲೆಯಲ್ಲಿ ನೆಲ ಒರೆಸುತ್ತಿದ್ದ ಗೌರಮ್ಮ ಬಟ್ಟೆ ಬಕೆಟ್ಟಿಗೆ ಹಾಕಿ, "ಅಣ್ಣ, ಕುರಿ ಎಣುಸ್ತೀಯಾ ಈಗ್ಲೂ, ಇಲ್ಲ ಬುಟ್ಟಿದ್ದೀಯಾ?" ಎಂದಳು.

"ಬುಟ್ಟಿದ್ದೀನಿ ಕಣವ್ವ. ಇದ್ರೆ ಇರ್ತವೆ, ಹೋದ್ರೆ ಹೋಯ್ತವೆ."

ಅಷ್ಟು ಹೇಳಿ ಮುದುಕ ಅಳತೊಡಗಿದ. ನನ್ನ ಪುಸ್ತಕದ ಪ್ರಶ್ನೆಗೆ ಬಾರದ ಉತ್ತರ ಅವಳ ಒಂದು ಪ್ರಶ್ನೆಗೆ ಬಂತು. ಆಮೇಲೆ ಗೌರಮ್ಮ ನನಗೆ ಬುದ್ಧಿ ಹೇಳಿದಳು: "ಹಸಿ ಕಾಯಿ ಒಡುದ್ರೆ ಕೊಬ್ರಿ ಸಿಕ್ಕಲ್ಲ ಮೇಡಮ್ಮೋರೇ. ಅಟ್ಟದ್ ಮ್ಯಾಲೆ ಒಣಗಾಗಂಟ ಇರ್ಬೇಕು. ಮೊದ್ಲು ಮಳೆ ಮಾತಾಡಿ, ತೋಟದ್ ಮಾತಾಡಿ. ಆಮ್ಯಾಲೆ ಅದೇ ಗಲಗಲ ಅಂತದೆ." ಓದು ಬರಹ ಇಲ್ಲದ ಆಯಾ ನನಗೆ ಪಾಠ ಹೇಳುವುದೇ ಎಂದು ಒಳಗೊಳಗೇ ಮುನಿದೆ. ಆದರೆ ಅಂದಿನಿಂದ ಅವಳ ಪ್ರಶ್ನೆಗಳನ್ನೇ ಕದ್ದು ಬಳಸಿದೆ. ಹೆಂಗಸರಾದರೆ "ಬಾಗ್ಲಿಗೆ ನೀರು ಹಾಕೋಕೆ ಮನಸ್ಸು ಬರುತ್ತಾ?" ಎಂದು ಕೇಳುತ್ತಿದ್ದೆ.

ಎರಡನೆಯ ಪಾಠ ಜೀಪಿನದು. ಸಂಸ್ಥೆಗೆ ಯಾರೋ ಜೀಪು ದಾನ ಕೊಟ್ಟರು. ಅದರ ಎರಡೂ ಬದಿಗೆ 'ಮಾನಸಿಕ ಆರೋಗ್ಯ ಸೇವೆ' ಎಂದು ಕೆಂಪಕ್ಷರದಲ್ಲಿ ಬರೆಸಿದ್ದರು. ನಾನು ಹೆಮ್ಮೆಯಿಂದ ಆ ಜೀಪಿನಲ್ಲಿ ಬಿಳಿಗೆರೆಗೆ ಹೋಗಿ, ಮಾತ್ರೆ ತೆಗೆದುಕೊಳ್ಳುತ್ತಿದ್ದ ಒಬ್ಬ ಹುಡುಗಿಯ ಮನೆ ಬಾಗಿಲಿಗೇ ನಿಲ್ಲಿಸಿದೆ. ಆ ಮನೆಯಲ್ಲಿ ಅವತ್ತು ಹೆಣ್ಣು ನೋಡಲು ಬಂದವರು ಕೂತಿದ್ದರು. ಉಪ್ಪಿಟ್ಟಿನ ತಟ್ಟೆ ಹಿಡಿದವರು ಕಿಟಕಿಯಿಂದ ಜೀಪಿನ ಅಕ್ಷರ ಓದಿಕೊಂಡರು. ಆ ಸಂಬಂಧ ಮುರಿಯಿತು. ಹುಡುಗಿಯ ಅಪ್ಪ ಆಸ್ಪತ್ರೆಗೆ ಬಂದು, "ನಿಮ್ ಔಸ್ತಿನೂ ಬ್ಯಾಡ, ನಿಮ್ ಜೀಪೂ ಬ್ಯಾಡ ಕಣ್ರೀ" ಎಂದು ಕೈಮುಗಿದು ಹೋದರು. ಆಮೇಲೆ ನಾನು, ಗೌರಮ್ಮ ಬಸ್ಸಿನಲ್ಲೇ ಹೋಗುತ್ತಿದ್ದೆವು. ಯಾರಾದರೂ ಕೇಳಿದರೆ ತೆಂಗಿನ ಸಸಿ ವಿಚಾರಿಸಲು ಬಂದವರು ಎನ್ನುತ್ತಿದ್ದೆವು. ಆ ಹುಡುಗಿಗೆ ಮುಂದೆ ಬೇರೆ ಕಡೆ ಮದುವೆಯಾಯಿತು. ಹಾಗಾಗಿ ಅದನ್ನು ನೆನೆದರೆ ನಾಚಿಕೆಯಾಗುತ್ತದೆಯೇ ಹೊರತು ಎದೆ ಹಿಂಡುವುದಿಲ್ಲ.

ಗಿರಿಜೆಯದು ಹಾಗಲ್ಲ.

ಅವಳು ಬಂದದ್ದು ನನ್ನ ಎರಡನೆಯ ವರ್ಷದಲ್ಲಿ. ಇಪ್ಪತ್ತೆರಡು ವಯಸ್ಸಿನ ಬಾಣಂತಿ. ತವರು ಹುಳಿಯಾರಿನ ಪಕ್ಕದ ಕೆಂಕೆರೆ, ಗಂಡನ ಮನೆ ಮಾಯಸಂದ್ರದಿಂದ ಒಳಗೆ ಎರಡು ಮೈಲಿ ನಡೆಯಬೇಕಾದ ಒಂದು ಹಳ್ಳಿ. ತವರಿನಲ್ಲಿ ತಾಯಿ ಇಲ್ಲದ್ದರಿಂದ ಬಾಣಂತನ ಗಂಡನ ಮನೆಯಲ್ಲೇ. ಹೆರಿಗೆಯಾದ ಹತ್ತನೇ ದಿನಕ್ಕೆ ನಿದ್ದೆ ಬಿಟ್ಟಳು. ಕೂಸು ತನ್ನದಲ್ಲ, ಯಾರೋ ಬದಲಾಯಿಸಿದ್ದಾರೆ ಎಂದು ಅದನ್ನು ತೊಟ್ಟಿಲಿನಿಂದೆತ್ತಿ ಹಿತ್ತಲಿನ ಕೊಬ್ಬರಿ ಸಿಪ್ಪೆಯ ರಾಶಿಯ ಮೇಲೆ ಮಲಗಿಸಿ ಬಂದಿದ್ದಳು. ಅತ್ತೆ ಸಿದ್ಧಗಂಗಮ್ಮ ಸಮಯಕ್ಕೆ ನೋಡಿದ್ದರಿಂದ ಕೂಸು ಉಳಿಯಿತು. ಬಾಣಂತನದಲ್ಲಿ ಕೆಲವರಿಗೆ ಬರುವ ಈ ಕಾಯಿಲೆ ಔಷಧಿಗೆ ಬೇಗ ಬಗ್ಗುತ್ತದೆ. ಗಿರಿಜೆಯೂ ಮೂರು ತಿಂಗಳಿಗೆ ಪೂರ್ತಿ ಮೊದಲಿನಂತಾದಳು. ಆದರೆ ಮನೆಯವರು ಮೊದಲಿನಂತಾಗಲಿಲ್ಲ. ಅವಳು ಒಲೆ ಮುಟ್ಟುವಂತಿಲ್ಲ, ಕೂಸನ್ನು ಒಬ್ಬಳೇ ಎತ್ತಿಕೊಳ್ಳುವಂತಿಲ್ಲ, ಮನೆಗೆ ಬಂದ ಹೆಂಗಸರಿಗೆ ಕುಂಕುಮ ಕೊಡುವಂತಿಲ್ಲ. ಗಂಡ ಮಹೇಶ ಒಳ್ಳೆಯವನೇ, ಆದರೆ ಅಮ್ಮನ ಮಾತಿನ ಮೇಲೆ ಒಂದು ಮಾತು ಆಡುವವನಲ್ಲ. ಅವಳನ್ನು ತವರಿಗೆ ಕಳಿಸಿ, ಕೂಸನ್ನು ಇಟ್ಟುಕೊಂಡು, ಬೇರೆ ಹೆಣ್ಣು ತರುವ ಮಾತು ಆ ಮನೆಯ ಜಗಲಿಯಲ್ಲಿ ಆಗಲೇ ಓಡಾಡುತ್ತಿತ್ತು. ಗಿರಿಜೆ ನನ್ನನ್ನು ಒಂದೇ ಕೇಳಿದ್ದಳು: "ಅಕ್ಕ, ನನ್ ಮಗ ನನ್ ಕೈಲಿ ಬೆಳೀಬೇಕು. ಅಷ್ಟ್ ಮಾಡಿಕೊಡಿ." ಮಗುವೇನೋ ಹೆಣ್ಣು. ಆ ಕಡೆ ಮುದ್ದಿಗೆ ಹೆಣ್ಣನ್ನೂ ಮಗ ಎನ್ನುತ್ತಾರೆ.

ಆ ಕೆಲಸ ಮಾತ್ರೆಯಿಂದ ಆಗುವುದಲ್ಲ, ನನ್ನಿಂದ ಆಗಬೇಕಾದ್ದು. ಐದು ಸಲ ಆ ಮನೆಗೆ ಹೋದೆ. ಸಿದ್ಧಗಂಗಮ್ಮ ಕೆಟ್ಟ ಹೆಂಗಸಲ್ಲ. ಹೆದರಿದ ಹೆಂಗಸು. ಸಿಪ್ಪೆ ರಾಶಿಯ ಮೇಲೆ ಮೊಮ್ಮಗಳನ್ನು ಕಂಡ ಕಣ್ಣು ಅದು. ನಾನು ಒಂದೊಂದೇ ಕೆಲಸಕ್ಕೆ ಅವರನ್ನು ಒಪ್ಪಿಸುತ್ತ ಬಂದೆ. ಮೊದಲು ಅಂಗಳ ಗುಡಿಸಲಿ. ಆಮೇಲೆ ಹಾಲು ಕಾಯಿಸಲಿ. ಆಮೇಲೆ ನೀವು ಎದುರಿಗೆ ಕೂತಿರಿ, ಅವಳೇ ಕೂಸಿಗೆ ನೀರು ಹಾಕಲಿ. ಪ್ರತಿ ಸಲವೂ ನಾನು ಹೇಳುತ್ತಿದ್ದ ಮಾತು ಒಂದೇ: "ಅವಳು ಈಗ ಎಲ್ಲರ ಹಾಗೇ ಇದ್ದಾಳೆ ಅಮ್ಮ. ನಿಮ್ಮ ಹಾಗೆ, ನನ್ನ ಹಾಗೆ." ಐದನೆಯ ಸಲ ಹೋದಾಗ ಗಿರಿಜೆ ಒಲೆಯ ಮುಂದಿದ್ದಳು. ನನ್ನನ್ನು ಕಂಡು ನಕ್ಕಳು. ಬಸ್ಸಿನಲ್ಲಿ ವಾಪಸು ಬರುವಾಗ ಗೌರಮ್ಮ, "ಇನ್ನೊಂದೇ ಮೆಟ್ಲು ಕಣವ್ವ" ಎಂದಿದ್ದಳು. ಯಾವ ಮೆಟ್ಟಿಲು ಎಂದು ನಾನು ಕೇಳಲಿಲ್ಲ.

ಈ ನಡುವೆ ಒಂದು ತರಬೇತಿಗೆ ಹೋಗಿ ಬಂದಿದ್ದೆ. ಅಲ್ಲಿ ಹೇಳಿಕೊಟ್ಟ ಮೊದಲ ನಿಯಮ: ರೋಗಿಗಳಿಂದ ಏನನ್ನೂ ಸ್ವೀಕರಿಸಕೂಡದು. ವಾರಕ್ಕೆರಡು ದಿನ ಬರುತ್ತಿದ್ದ ನಮ್ಮ ಡಾಕ್ಟರಿಗೆ ಈ ನಿಯಮ ತುಂಬಾ ಹಿಡಿಸಿತು. ನಮ್ಮ ಸೀಮೆಯಲ್ಲಿ ಆಸ್ಪತ್ರೆಗೆ ಬರುವವರೆಲ್ಲ ಚೀಲದಲ್ಲಿ ಎರಡು ಕಾಯಿ ಹಾಕಿಕೊಂಡೇ ಬರುವವರು. ಕಾಯಿ ತಂದವರನ್ನು ಸಿಬ್ಬಂದಿ ಮೊದಲು ಒಳಗೆ ಬಿಡುತ್ತಾರೆಂಬ ದೂರು ಬಂದಿತ್ತು. ಡಾಕ್ಟರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, "ಒಂದು ಲೋಟ ಕಾಫಿಯೂ ಕೂಡದು" ಎಂದರು. ಅವರು ಕಟ್ಟುನಿಟ್ಟಿನ ಮನುಷ್ಯ, ಪ್ರಾಮಾಣಿಕ. ಅವರಿಂದ ಭೇಷ್ ಎನ್ನಿಸಿಕೊಳ್ಳುವ ಆಸೆ ನನಗೆ ಬಹಳ ಇತ್ತು. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಆರನೆಯ ಸಲ ಹೋದದ್ದು ಒಂದು ಶುಕ್ರವಾರ. ಗೌರಮ್ಮನ ತಂಗಿಯ ಮನೆಯಲ್ಲಿ ನಾಮಕರಣವಿತ್ತು, ಅವಳು ಬಂದಿರಲಿಲ್ಲ. ಜಗಲಿಯ ಮೇಲೆ ಅಕ್ಕಪಕ್ಕದ ನಾಲ್ಕೈದು ಹೆಂಗಸರು ಕೂತಿದ್ದರು. ಸುಮ್ಮನೆ ಬಂದವರೆಂದುಕೊಂಡೆ. ಈಗ ಗೊತ್ತು, ಸಿದ್ಧಗಂಗಮ್ಮನೇ ಅವರನ್ನು ಬರಹೇಳಿದ್ದರು. ಕೂಸು ಗಿರಿಜೆಯ ತೊಡೆಯ ಮೇಲಿತ್ತು. ಅರ್ಧ ಗಂಟೆ ಮಾತಾಡಿ ನಾನು ಎದ್ದೆ. ಆಗ ಸಿದ್ಧಗಂಗಮ್ಮ ಎಲ್ಲರಿಗೂ ಕೇಳುವಂತೆ ಹೇಳಿದರು:

"ಗಿರಿಜಾ, ಮೇಡಮ್ಮೋರು ಹೊಂಟವ್ರೆ. ಕುಂಕ್ಮ ಕೊಡವ್ವ."

ಗಿರಿಜೆ ಕೂಸನ್ನು ಅತ್ತೆಯ ಕೈಗೆ ಕೊಟ್ಟು ಒಳಗೋಡಿದಳು. ತಟ್ಟೆ ಹಿಡಿದು ಬಂದಳು. ಅರಿಸಿನ, ಕುಂಕುಮ, ಎರಡು ವೀಳ್ಯದೆಲೆ, ಸುಲಿದು ಜುಟ್ಟು ಬಿಟ್ಟ ಒಂದು ತೆಂಗಿನಕಾಯಿ. ತಲೆ ತುಂಬ ಸೆರಗು ಹೊದ್ದಿದ್ದಳು. ಮುಖದಲ್ಲಿ ಎಂಥ ಖುಷಿ ಇತ್ತೆಂದರೆ, ಅದನ್ನು ನೆನೆಸಿಕೊಂಡು ಬರೆಯಲು ನನಗೆ ಈಗಲೂ ಕಷ್ಟ.

ನಾನು ಒಂದು ಹೆಜ್ಜೆ ಹಿಂದೆ ಸರಿದೆ. ತರಬೇತಿಯಲ್ಲಿ ಹೇಳಿಕೊಟ್ಟಂತೆ ಮುಗುಳ್ನಕ್ಕೆ. "ಬೇಡಮ್ಮ ಗಿರಿಜಾ. ನಾವು ರೋಗಿಗಳ ಕೈಯಿಂದ ಏನೂ ತಗೊಳ್ಳೋ ಹಾಗಿಲ್ಲ" ಎಂದೆ.

ಗಿರಿಜೆ ತಟ್ಟೆ ಹಿಡಿದೇ ನಿಂತಿದ್ದಳು. ಒಬ್ಬ ಹೆಂಗಸು ಪಕ್ಕದವಳಿಗೆ, "ಮದ್ವೆ ಆಗ್ದಿರೋ ಹೆಣ್ಣಲ್ವಾ ಕಣೇ, ಅಂಥ ಕೈ ಕುಂಕ್ಮ ಇಟ್ಕಳಕ್ಕೆ ಹೆದ್ರಿಕಂತು" ಎಂದದ್ದು ನನಗೆ ಕೇಳಿಸಿತು. ಇಂಥ ಕೈಯಿಂದ ಕುಂಕುಮ ಇಟ್ಟುಕೊಂಡರೆ ಕನ್ಯೆಯ ಮುಂದಿನ ಮಾಂಗಲ್ಯಕ್ಕೆ ಕೇಡು ಎಂಬುದು ಅವರ ನಂಬಿಕೆ. ಸಿದ್ಧಗಂಗಮ್ಮ ಕೂಸನ್ನು ಸೊಂಟಕ್ಕೇರಿಸಿ ಮುಂದೆ ಬಂದು ಸೊಸೆಯ ಕೈಯಿಂದ ತಟ್ಟೆ ತೆಗೆದುಕೊಂಡರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

"ಎಲ್ರಂಗೇ ಅವ್ಳೆ, ನನ್ನಂಗೇ ಅವ್ಳೆ ಅಂತ ನೀವೇ ಅಂತಿದ್ರಿ ತಾಯಿ. ಓದ್ದೋರು ನೀವೇ ಇಸ್ಕಳಲ್ಲ ಅಂದ್ಮೇಲೆ ನಾವ್ ಹೆಂಗ್ ನಂಬಾನ?"

ಹಾಗಲ್ಲ, ಇದು ನಮ್ಮ ಆಸ್ಪತ್ರೆಯ ರೂಲ್ಸು ಎಂದು ಏನೇನೋ ಹೇಳಿದೆ. ಹೇಳಿದಷ್ಟೂ ಕೆಟ್ಟಿತು. ಬಸ್ಸಿಗೆ ಹೊತ್ತಾಯಿತೆಂದು ಹೊರಟೆ. ಸಂಜೆ ಕೇಸ್ ಶೀಟಿನಲ್ಲಿ 'ಉಡುಗೊರೆಯನ್ನು ಸೌಜನ್ಯದಿಂದ ನಿರಾಕರಿಸಲಾಯಿತು' ಎಂದು ಬರೆದೆ. ಡಾಕ್ಟರು ಅದರ ಪಕ್ಕ ಹಸಿರು ಶಾಯಿಯಲ್ಲಿ ಸರಿ ಗುರುತು ಹಾಕಿದರು.

ಶನಿವಾರ ಬೆಳಿಗ್ಗೆ ಗೌರಮ್ಮನಿಗೆ ಹೇಳಿದೆ. ಅವಳು ಪೊರಕೆ ಕೆಳಗೆ ಹಾಕಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. "ಅಯ್ಯೋ ಮೇಡಮ್ಮೋರೇ, ಅದೇ ಕಣವ್ವ ಕೊನೇ ಮೆಟ್ಲು! ಕುಂಕ್ಮ ಕೊಡೋ ಕೈಯೇ ಮನೆ ಸೊಸೆ ಕೈ. ಊರ್ ಮುಂದೆ ಅವ್ಳ ಸೊಸೆ ಅಂತ ಒಪ್ಕಳಕ್ಕೆ ಕರುಸಿದ್ರು ಅವ್ರು. ಎಂಟೂಕಾಲ್ ಬಸ್ಸೈತೆ, ಈಗ್ಲೇ ಹೋಗ್ ಬುಡಿ. ಕೇಳಿ ಇಸ್ಕಂಡು ಹಣೇಗಿಟ್ಕಂಡ್ ಬನ್ನಿ. ಎಲ್ಲಾ ಸರಿ ಹೋಯ್ತದೆ."

ಎದ್ದು ಬಸ್ ನಿಲ್ದಾಣಕ್ಕೆ ಹೋದೆ. ಬಸ್ಸು ನಿಂತಿತ್ತು. ತುರುವೇಕೆರೆ, ಮಾಯಸಂದ್ರ ಎಂದು ಕಂಡಕ್ಟರ್ ಕೂಗುತ್ತಿದ್ದ. ಸೀಟೂ ಇತ್ತು. ಮೆಟ್ಟಿಲ ಮೇಲೆ ಕಾಲಿಡುವಾಗ ಆ ಜಗಲಿ, ಆ ಹೆಂಗಸರು ಕಣ್ಣಿಗೆ ಬಂದರು. ಮತ್ತೆ ಹೋಗಿ ತಪ್ಪಾಯಿತು ಎನ್ನಬೇಕಲ್ಲ. ಅದೂ ಒಬ್ಬ ಆಯಾ ಹೇಳಿದಳೆಂದು. ಇನ್ನು ಡಾಕ್ಟರಿಗೆ ಗೊತ್ತಾದರೆ? ಹೇಗೂ ಮುಂದಿನ ತಿಂಗಳು ಅವಳು ಮಾತ್ರೆಗೆ ಬರುತ್ತಾಳೆ, ಆಗ ವಿವರವಾಗಿ ಹೇಳಿದರಾಯಿತು ಎಂದುಕೊಂಡೆ. ಕಾಲು ಹಿಂದಕ್ಕೆ ತೆಗೆದೆ. ಬಸ್ಸು ಹೋಯಿತು. ಆಸ್ಪತ್ರೆಗೆ ಬಂದು ತಿಂಗಳ ವರದಿ ಬರೆಯುತ್ತ ಕೂತೆ.

ಗಿರಿಜೆ ಮುಂದಿನ ತಿಂಗಳು ಬರಲಿಲ್ಲ. ಅದರ ಮುಂದಿನ ತಿಂಗಳೂ ಬರಲಿಲ್ಲ. ಆಮೇಲೆ ಗೌರಮ್ಮನೇ ಸುದ್ದಿ ತಂದಳು. ಅವಳನ್ನು ಕೆಂಕೆರೆಗೆ ಕಳಿಸಿದ್ದಾರೆ, ಕೂಸು ಗಂಡನ ಮನೆಯಲ್ಲೇ ಇದೆ, ಮಹೇಶನಿಗೆ ಹೆಣ್ಣು ಗೊತ್ತಾಗಿದೆ. ನಾನು ಡಾಕ್ಟರ ಬಳಿ ಹೋಗಿ ನಡೆದದ್ದೆಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. "ನಿಯಮದ ಪ್ರಕಾರ ನಿಮ್ಮದು ತಪ್ಪಿಲ್ಲ" ಎಂದರು. ಕನ್ನಡಕ ಹಾಕಿಕೊಂಡು, "ಹೊರಗೆ ಇನ್ನೂ ಜನ ಕಾಯ್ತಿದ್ದಾರೆ" ಎಂದರು. ಆ ಮೊದಲ ಮಾತನ್ನು ಹಿಡಿದುಕೊಂಡೇ ನಾನು ಮೂವತ್ತು ವರ್ಷ ಕಳೆದೆ.

ಕೆಲಸ ಬದಲಾಗುತ್ತ ಹೋಯಿತು. ಬ್ಯಾಂಡೇಜಿನ ಕೋಣೆ ಹೋಗಿ ಫ್ಯಾನಿರುವ ಕೋಣೆ ಬಂತು. ಜೀಪಿನ ಕೆಂಪಕ್ಷರ ಅಳಿಸಿದರು. ಮೊದಲು ದೆವ್ವ ಬಿಡಿಸಿ ಸೋತು ಕೊನೆಗೆ ನಮ್ಮಲ್ಲಿಗೆ ಬರುತ್ತಿದ್ದವರು ಈಗ ಫೋನಿನಲ್ಲಿ ಓದಿಕೊಂಡು, "ಮೇಡಂ, ನಂಗೆ ಡಿಪ್ರೆಶನ್ ಐತೆ" ಎಂದು ತಾವೇ ಕಾಯಿಲೆಯ ಹೆಸರು ಹೇಳಿಕೊಂಡು ಬರುತ್ತಾರೆ. ಫೋನಿನಲ್ಲೇ ಸಮಾಲೋಚನೆಯೂ ನಡೆಯುತ್ತದೆ. ಒಳ್ಳೆಯದೇ. ಹಲವರು ನನ್ನಿಂದ ಗುಣವಾಗಿದ್ದಾರೆ, ಸುಳ್ಳು ವಿನಯ ಬೇಡ. ಆದರೆ ಹೊಸಬರಿಗೆ ತರಬೇತಿ ಕೊಡುವಾಗ ನಾನೂ ಅದೇ ನಿಯಮವನ್ನೇ ಬೋರ್ಡಿನ ಮೇಲೆ ಮೊದಲು ಬರೆಯುತ್ತಿದ್ದೆ: ಏನನ್ನೂ ಸ್ವೀಕರಿಸಕೂಡದು. ಯಾರಾದರೂ ಕುಂಕುಮ ಕೊಟ್ಟರೆ ಎಂದು ಒಬ್ಬಳು ಹುಡುಗಿ ಕೇಳಿಯೇಬಿಟ್ಟಿದ್ದಳು. ನಯವಾಗಿ ಬೇಡ ಅನ್ನಿ ಎಂದೆ. ಆಗ ಗೌರಮ್ಮ ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನನ್ನ ಮುಖವನ್ನೇ ನೋಡಿದಳು. ನಾನು ತಿರುಗಿ ಬೋರ್ಡು ಒರೆಸಿದೆ.

ಎರಡು ತಿಂಗಳ ಹಿಂದೆ ನಯನಾ ಫೋನ್ ಮಾಡಿದಳು. "ಮೇಡಂ, ಕೆಂಕೆರೆಯಲ್ಲಿ ಗಿರಿಜಮ್ಮ ಅಂತ ಒಬ್ಬರಿದ್ದಾರೆ. ಮಾತ್ರೆ ನಿಲ್ಲಿಸಿದ ಹೆಂಗಸರನ್ನ ಕೈಹಿಡಿದು ಕರ್ಕೊಂಡು ಬರ್ತಾರೆ. ನಿಮ್ಮ ಹೆಸರು ಹೇಳಿದೆ. ಸುಮ್ಮನಾಗ್ಬಿಟ್ರು." ಎರಡು ದಿನ ಬಿಟ್ಟು ನಯನಾಳನ್ನು ಕರೆದುಕೊಂಡು ಹುಳಿಯಾರಿನ ಬಸ್ಸು ಹತ್ತಿದೆ.

ತಮ್ಮನ ಮನೆಯ ಪಕ್ಕದಲ್ಲೇ ಅವಳಿಗೊಂದು ಕೋಣೆ, ಹೊಲಿಗೆ ಮಿಷನ್ನು. ಕೂದಲು ನರೆತಿದೆ. ನನ್ನನ್ನು ನೋಡಿದೊಡನೆ ಗುರುತು ಹಿಡಿದಳು. ಚಾಪೆ ಹಾಸಿ ಮಜ್ಜಿಗೆ ಕೊಟ್ಟಳು. ಕುಡಿದೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಒಂದೂ ನೆನಪಾಗಲಿಲ್ಲ. "ಅವತ್ತು ನನ್ನಿಂದ ತಪ್ಪಾಯ್ತು ಗಿರಿಜಾ" ಎಂದಷ್ಟೇ ಅಂದೆ.

ಅವಳು ಕೈಯಲ್ಲಿದ್ದ ರವಿಕೆಯ ಕಾಜಾ ಹೊಲಿಯುತ್ತಲೇ ಹೇಳಿದಳು: "ನೀವ್ ಇಸ್ಕಂಡಿದ್ರೂ ಕಳುಸ್ತಿದ್ರೋ ಏನೋ. ಅದ್ ಯಾರ್ಗ್ ಗೊತ್ತು ಬುಡಿ. ಆದ್ರೆ ಮಾರ್ನೆ ದಿನ ನೀವ್ ಬತ್ತೀರ ಅಂತ ನಾನ್ ಕಾದೆ ಅಕ್ಕ. ತಟ್ಟೆ ತೊಳ್ದು ಮಡಗಿದ್ದೆ. ಬಸ್ ಬರೋ ಹೊತ್ಗೆ ಜಗ್ಲಿ ಮ್ಯಾಲೆ ಕೂತಿದ್ದೆ. ಬತ್ತಾರೆ, ಆವಮ್ಮ ಒಳ್ಳೇರು, ತಿಳ್ಕಂತಾರೆ ಅಂತ. ಒಂದ್ ವಾರ ಕೂತೆ."

ಮಗಳ ಬಗ್ಗೆ ನಯನಾ ಮೆಲ್ಲಗೆ ಕೇಳಿದಳು. "ಮದ್ವೆ ಆಗೈತೆ. ಕಾರ್ಡ್ ಕಳ್ಸಿದ್ರು, ಹೋಗಿದ್ದೆ. ಹಿಂದ್ಗಡೆ ಸಾಲಲ್ಲಿ ಕೂತು ಅಕ್ಸತೆ ಹಾಕ್ ಬಂದೆ. ನನ್ ಕಂಡ್ರೆ ಆಂಟಿ ಅಂತದೆ" ಎಂದಳು. ದಾರವನ್ನು ಹಲ್ಲಿನಲ್ಲಿ ಕಡಿದಳು.

ಹೊರಟೆವು. ಗಿರಿಜೆ ಒಳಗೆ ಹೋಗಿ ಅದೇ ತರದ ತಟ್ಟೆ ತಂದಳು. ಕುಂಕುಮ, ಎಲೆ, ಕಾಯಿ. ನಯನಾಳಿಗೆ ಇಟ್ಟಳು. ನನ್ನ ಮುಂದೆ ಬಂದಳು. ಆ ದಿನಗಳ ಆಮೇಲೆ ನನಗೂ ಮದುವೆಯಾಗಿತ್ತು. ಯಜಮಾನರು ತೀರಿಕೊಂಡು ಮೂರು ವರ್ಷ. ಅಂದಿನಿಂದ ಯಾವ ಮನೆಯಲ್ಲೂ ನನ್ನ ಮುಂದೆ ಕುಂಕುಮದ ತಟ್ಟೆ ಹಿಡಿದವರಿಲ್ಲ. ನನಗೇ ಅದು ಅಭ್ಯಾಸವಾಗಿಬಿಟ್ಟಿತ್ತು. ಕಾಲು ತಾನಾಗಿ ಒಂದು ಹೆಜ್ಜೆ ಹಿಂದೆ ಹೋಯಿತು. "ನನಗೆ ಬೇಡಮ್ಮ ಗಿರಿಜಾ. ನನಗೆ ಕೊಡಬಾರದು" ಎಂದೆ.

ಅವಳು ತಟ್ಟೆ ಹಿಡಿದೇ ನಿಂತಳು. "ಅವತ್ತೂ ಹಿಂಗೇ ಒಂದ್ ಹೆಜ್ಜೆ ಹಿಂದುಕ್ ಹೋದ್ರಿ" ಎಂದಳು.

ನಾನು ಮುಂದೆ ಬಂದು ತಲೆ ಬಾಗಿಸಿದೆ. ಅವಳ ಬೆರಳು ಹಣೆಗೆ ತಾಗಿತು. ಸೆರಗೊಡ್ಡಿ ಕಾಯಿ ತೆಗೆದುಕೊಂಡೆ. ಅಳು ತಡೆಯಲಾಗಲಿಲ್ಲ. ಅವಳು ಅಳಲಿಲ್ಲ. ಬಸ್ಸಿನಲ್ಲಿ ಪಕ್ಕದ ಹೆಂಗಸು ನನ್ನ ಬರಿಗೊರಳನ್ನೂ ಹಣೆಯನ್ನೂ ಎರಡೆರಡು ಸಲ ನೋಡಿದಳು. ನೋಡಲಿ ಎಂದುಕೊಂಡೆ. ನನ್ನ ಹಣೆಯ ಕುಂಕುಮದಿಂದ ಆ ಹುಡುಗಿಯ ಬಾಯಲ್ಲಿ 'ಆಂಟಿ' ಹೋಗಿ 'ಅಮ್ಮ' ಬರುವುದಿಲ್ಲ, ಅದೂ ನನಗೆ ಗೊತ್ತು.

ನಯನಾ, ನೀನು ಕೇಳಿದ್ದಕ್ಕೆ ನನ್ನಲ್ಲಿ ಇಷ್ಟೇ ಇದೆ. ತಪ್ಪು ನೀನೂ ಮಾಡುತ್ತೀಯ, ಅದಕ್ಕೆ ಹೆದರಬೇಡ. ಆದರೆ ಮಾರನೆಯ ದಿನ ಬೆಳಿಗ್ಗೆ ಬಸ್ಸು ಇರುತ್ತದೆ. ಅದನ್ನು ಹತ್ತು. ಅಲ್ಲಿ ಜಗಲಿಯ ಮೇಲೆ ಯಾರೋ ಕಾಯುತ್ತಿರುತ್ತಾರೆ.